ಟೀಚರ ಕಾರಿಗೆ ಟರ್ಬೊ

ಮಡಂತ್ಯಾರಿನಲ್ಲಿರುವ ನನ್ನ ಗ್ಯಾರೇಜಿಗೆ ಆ ಕಾರು ಬಂದದ್ದು ಪಿಕಪ್ಪಿನ ಮೇಲೆ, ಹಗ್ಗ ಕಟ್ಟಿಸಿಕೊಂಡು. ಜಪಾನಿನ ಹಳೆಯ ಕಾರು, ನಾಲ್ಕು ಬಾಗಿಲಿನದು, ಹಸಿರು ಬಣ್ಣ ಮಾಸಿ ಬೂದಿಯಂತಾಗಿತ್ತು. ಪಿಕಪ್ಪಿನ ಹಿಂದೆಯೇ ಇನ್ನೊಂದು ಕಾರಿನಲ್ಲಿ ಬಂದು ಇಳಿದವರು ತಾಯಿ, ಮಗಳು. ತಾಯಿ ತಲೆಯ ಮೇಲಿನ ಶಾಲು ಸರಿಪಡಿಸಿಕೊಂಡು ನೇರ ನನ್ನ ಹತ್ತಿರ ಬಂದರು.

"ನಾನು ತೋಡಾರಿನವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಇದು ನಮ್ಮವರ ಕಾರು. ಅವರು ತೀರಿಕೊಂಡು ಒಂದು ವರ್ಷ ಆಯಿತು. ಇಂಥ ಎಂಜಿನ್ನಿನ ಕೆಲಸ ನೀವು ಶಾರ್ಜಾದಲ್ಲಿ ಮಾಡಿದ್ದೀರಂತೆ, ಹೌದಾ?"

"ಎರಡು ಮೂರು ಬಿಚ್ಚಿದ್ದೇನೆ ಟೀಚರೇ. ಅದೂ ದೊಡ್ಡ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದಾಗ."

ಅವರು ಕಾರಿನ ಹಿಂದಿನ ಸೀಟು ತೋರಿಸಿದರು. ಅಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಲುಂಗಿಯಲ್ಲಿ ಸುತ್ತಿಟ್ಟ ಒಂದು ಟರ್ಬೊ, ಕೆಲವು ಪೈಪುಗಳು. ಗಂಡ ಅದನ್ನು ಈ ಎಂಜಿನ್ನಿಗೆ ಕೂರಿಸಬೇಕೆಂದು ಹೊರಟು, ಅರ್ಧದಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟಿದ್ದರು. ಮನೆಯ ಶೆಡ್ಡಿನಲ್ಲಿ ಕಾರು ಅಂದಿನಿಂದ ಹಾಗೆಯೇ ನಿಂತಿತ್ತು.

"ಇದನ್ನು ಪೂರ್ತಿ ಮಾಡಿ ಕೊಡಬೇಕು," ಎಂದರು ಟೀಚರ್.

ಮಗಳು ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರ್. ಅವಳು ನನ್ನನ್ನು ಸ್ವಲ್ಪ ಆಚೆ ಕರೆದು, "ಮಾರುವ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ಆಗುವುದಿಲ್ಲ ಅಂತ ನೀವಾದ್ರೂ ಹೇಳಿ," ಎಂದಳು.

ನಾನೂ ಅದನ್ನೇ ಹೇಳುವವನಿದ್ದೆ. ನಾವು ದಿನಾ ನೋಡುವ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಇದರಲ್ಲಿ ಪಿಸ್ಟನ್ ಎಂಬುದೇ ಇಲ್ಲ. ಮೊಟ್ಟೆಯಾಕಾರದ ಒಂದು ಗೂಡಿನೊಳಗೆ, ಬದಿಗಳು ಉಬ್ಬಿದ ತ್ರಿಕೋನವೊಂದು ತಿರುಗುತ್ತಿರುತ್ತದೆ. ತ್ರಿಕೋನದ ಮೂರು ಮೂಲೆಗಳಲ್ಲಿ ತೆಳ್ಳನೆಯ ಲೋಹದ ಪಟ್ಟಿಗಳು. ಅವೇ ಅದರ ಸೀಲುಗಳು, ಅದರ ಪ್ರಾಣವೂ ಅವುಗಳಲ್ಲೇ. ಟರ್ಬೊ ಎಂದರೆ ಹೊಗೆಯ ವೇಗದಿಂದ ತಿರುಗುವ ಒಂದು ಫ್ಯಾನು, ಅದರ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಇನ್ನೊಂದು ಫ್ಯಾನು. ಗಾಳಿ ಹೆಚ್ಚಾದಷ್ಟೂ ಪೆಟ್ರೋಲೂ ಹೆಚ್ಚು ಬೇಕು. ಅದು ಸಾಲದೆ ಹೋದರೆ ಒಳಗಿನ ಬೆಂಕಿ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ, ಸೀಲು ಮುರಿಯುತ್ತದೆ. ಹಳೆಯ ಎಂಜಿನ್ನಿಗಂತೂ ಈ ಪೆಟ್ಟು ತಡೆಯುವುದು ಕಷ್ಟ.

ಇದನ್ನೆಲ್ಲ ಟೀಚರಿಗೆ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಮುರಿದರೆ ಮುರಿಯಲಿ. ಮಾಡಿ ನೋಡದೆ ಮಾರಲಿಕ್ಕೆ ನನ್ನಿಂದ ಆಗುವುದಿಲ್ಲ."

ಕಾರನ್ನು ಒಳಗೆ ತಳ್ಳಿಸಿದೆ.

ಎಂಜಿನ್ ಬಿಚ್ಚುವ ಕೆಲಸ ನಿಧಾನಕ್ಕೆ ನಡೆಯಿತು. ಬೇರೆ ಗಿರಾಕಿಗಳ ಕಾರುಗಳ ನಡುವೆ ಬಿಡುವಾದಾಗಲಷ್ಟೇ ಅದಕ್ಕೆ ಕೈ ಹಾಕುತ್ತಿದ್ದೆ. ಟೀಚರ್ ಆಗಾಗ ಮೂಡುಬಿದಿರೆಯಿಂದ ಬಸ್ಸು ಹಿಡಿದು, ವೇಣೂರು, ಗುರುವಾಯನಕೆರೆ ದಾಟಿ ಬರುತ್ತಿದ್ದರು. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ತ್ರಿಕೋನ ಹೊರಗೆ ಬಂದ ದಿನ ಅದನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸೀರೆಗೆ ಎಣ್ಣೆ ಆದೀತೆಂದರೂ ಕೇಳಲಿಲ್ಲ.

"ನಮ್ಮವರು ಇದನ್ನು ಊಟದ ಮೇಜಿನ ಮೇಲೆ ಚಿತ್ರ ಬಿಡಿಸಿ ತೋರಿಸ್ತಿದ್ರು. ನಾನು ಉತ್ತರ ಪತ್ರಿಕೆ ತಿದ್ದುತ್ತಾ ಹೂಂ ಹೂಂ ಅಂತಿದ್ದೆ," ಎಂದರು.

ಸೀಲುಗಳು ಸವೆದಿದ್ದವು. ಶಾರ್ಜಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಾಣಿ ಊರಿನ ಗೆಳೆಯನೊಬ್ಬ ಈಗಲೂ ಅದೇ ಗ್ಯಾರೇಜಿನಲ್ಲಿದ್ದಾನೆ. ಅವನಿಗೆ ವಿಡಿಯೊ ಕಾಲ್ ಮಾಡಿ ಎಲ್ಲವನ್ನೂ ತೋರಿಸಿದೆ. ಪೆಟ್ಟಿಗೆಯಲ್ಲಿದ್ದ ಟರ್ಬೊ ಕಂಡೊಡನೆ ಅವನು ನಕ್ಕುಬಿಟ್ಟ.

"ಎಂತ ಮಾರಾಯ, ಇದು ಲಾರಿಯದ್ದಾ? ಈ ಎಂಜಿನ್ನಿಗೆ ಇಷ್ಟು ದೊಡ್ಡದು ಹಾಕಿದ್ರೆ ನಮ್ಮ ಊರಿನ ಗುಡ್ಡದ ಚಡಾವು ಹತ್ತುವಾಗ ಎಂತ ಪ್ರಯೋಜನವೂ ಇಲ್ಲ. ಇದರ ಫ್ಯಾನು ತಿರುಗಿ ಎಚ್ಚರ ಆಗುವಾಗ ಕಾರು ನಿಂತೇ ಹೋಗಿರ್ತದೆ. ಸಣ್ಣದು ಬೇಕು."

ಟೀಚರ್ ಸ್ಟೂಲಿನ ಮೇಲೆಯೇ ಇದ್ದರು. ಎಲ್ಲವೂ ಕೇಳಿಸಿತ್ತು. ಅಂದು ಮಗಳೂ ಬಂದಿದ್ದಳು, ಕ್ಲಿನಿಕ್ಕಿಗೆ ರಜೆ ಇತ್ತು. ಗಂಡ ತರಿಸಿದ್ದ ಸಾಮಾನನ್ನೇ ಹಾಕಬೇಕೆಂದು ಟೀಚರ್ ಹಟ ಹಿಡಿದರೆ ಏನು ಮಾಡುವುದು ಎಂದು ನನಗೆ ಯೋಚನೆಯಾಯಿತು.

"ಟೀಚರೇ, ಅವರು ತಂದದ್ದು ಇದಕ್ಕೆ ಸರಿ ಹೊಂದುವುದಿಲ್ಲ. ಎಂತ ಮಾಡುವ?"

ಅವರು ಟರ್ಬೊ ಸುತ್ತಿದ್ದ ಲುಂಗಿಯ ಅಂಚನ್ನು ಮಡಚಿದರು. ಆಮೇಲೆ, "ಅವರಿಗೆ ಟರ್ಬೊ ಬೇಕಾದದ್ದು ಯಾಕೆ ಅಂತ ನಿಮಗೆ ಗೊತ್ತಾ?" ಎಂದರು.

"ಸ್ಪೀಡಿಗೆ ಇರಬಹುದು."

"ಅಲ್ಲ. ನನ್ನ ತಮ್ಮನ ಮನೆ ಬೆಳ್ತಂಗಡಿಯಿಂದ ಒಳಗೆ, ಗುಡ್ಡದ ಮೇಲೆ ಉಂಟು. ಅವನ ಮಗಳ ಮದುವೆಗೆ ಹೋಗಿದ್ದೆವು. ಕಾರು ತುಂಬ ಜನ, ಡಿಕ್ಕಿ ತುಂಬ ಪಾತ್ರೆ. ಆ ಚಡಾವಿನಲ್ಲಿ ಕಾರು ಹತ್ತಲೇ ಇಲ್ಲ. ಹೆಂಗಸರೆಲ್ಲ ಇಳಿದು, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ನಡೆದೆವು. ನನ್ನ ಮೊಣಕಾಲು ಆಗಲೇ ಹಾಳಾಗಿತ್ತು. ಮೂರು ಸಲ ಕೂತು ಎದ್ದು ಹೋದೆ. ಮದುವೆ ಮನೆಯವರೆಲ್ಲ ನಕ್ಕರು. ನಮ್ಮವರು ಮನೆಗೆ ಬಂದ ಮೇಲೆ ಶೆಡ್ಡಿಗೆ ಹೋದವರು, ಮತ್ತೆ ಹೊರಗೆ ಬಂದದ್ದೇ ಕಡಿಮೆ."

ಮಗಳು ಬಾಗಿಲ ಹತ್ತಿರ ಫೋನು ನೋಡುತ್ತ ನಿಂತಿದ್ದಳು. ಈಗ ಅವಳು ತಲೆ ಎತ್ತಿದಳು.

"ಮದುವೆ ಮನೆಯವರಿಗೆ ಗೊತ್ತಾದದ್ದು ನನ್ನಿಂದ ಉಮ್ಮ."

"ಬಿಡು ಮಗಳೇ."

"ಇಲ್ಲ, ಹೇಳ್ತೇನೆ." ಅವಳು ನನ್ನ ಕಡೆ ತಿರುಗಿದಳು. "ಉಮ್ಮ ಹತ್ತುವುದನ್ನು ನಾನು ಹಿಂದಿನಿಂದ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ತಮಾಷೆಗೆ. ಎಲ್ಲರೂ ನಗುವ ಇಮೋಜಿ ಹಾಕಿದ್ರು. ಬಾಪ ಅದನ್ನು ನೋಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

"ನೋಡಿದ್ರು," ಎಂದರು ಟೀಚರ್. ಧ್ವನಿಯಲ್ಲಿ ಕೋಪವಿರಲಿಲ್ಲ. "ಆದರೆ ನಿನ್ನ ಮೇಲೆ ಬೇಜಾರು ಮಾಡಿಕೊಂಡದ್ದಲ್ಲ. ಇವಳನ್ನು ನಡೆಸಿಬಿಟ್ಟೆನಲ್ಲ ಅಂತ ಅವರ ಮೇಲೆಯೇ ಅವರಿಗೆ ಬೇಜಾರು."

ಮಗಳು ಅಲ್ಲಿ ನಿಲ್ಲಲಾಗದೆ ಹೊರಗೆ ಹೋದಳು. ಟೀಚರ್ ಲುಂಗಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಸಣ್ಣದೇ ತರಿಸಿ. ಅವರಿಗೆ ಬೇಕಾದದ್ದು ಚಡಾವು ಹತ್ತುವುದು, ಈ ಡಬ್ಬ ಅಲ್ಲ," ಎಂದರು.

ಗೆಳೆಯ ಒಂದು ಸಣ್ಣ ಟರ್ಬೊವನ್ನೂ ಹೊಸ ಸೀಲುಗಳನ್ನೂ ಊರಿಗೆ ಬರುವವರೊಬ್ಬರ ಲಗೇಜಿನಲ್ಲಿ ಕಳಿಸಿದ. ಎಂಜಿನ್ನಿಗೆ ಇಂಥದೊಂದನ್ನು ಸೇರಿಸಬೇಕಾದರೆ ಸರ್ಕಾರದ ಅನುಮತಿ ಬೇಕಲ್ಲ, ಆ ಓಡಾಟವನ್ನು ಮಗಳೇ ವಹಿಸಿಕೊಂಡಳು. ಮಾರುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಎಲ್ಲ ಕೂರಿಸಿ, ಪೆಟ್ರೋಲಿಗೆ ಹಳೆಯ ಸ್ಕೂಟರಿಗೆ ಹಾಕುವಂತೆ ಸ್ವಲ್ಪ ಎಣ್ಣೆ ಬೆರೆಸಿ ಸ್ಟಾರ್ಟ್ ಮಾಡಿದೆ. ಜೇನುಗೂಡಿಗೆ ಕಿವಿ ಕೊಟ್ಟಂತಹ ಸದ್ದು. ಕೆಲವು ದಿನ ಟರ್ಬೊ ಕೆಲಸ ಮಾಡದಷ್ಟು ಮೆಲ್ಲಗೆ ಓಡಿಸಿ, ಆಮೇಲೆ ಒಂದು ಬೆಳಿಗ್ಗೆ ಒಬ್ಬನೇ ಪುಂಜಾಲಕಟ್ಟೆಯ ಕಡೆ ಹೊರಟೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಯಾರೋ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ದೂಡಿದ ಹಾಗಾಯಿತು. ನನಗೆ ಖುಷಿ ತಡೆಯಲಿಲ್ಲ. ಎರಡನೇ ಏರಿನಲ್ಲಿ ಒಳಗಿನಿಂದ ಬಾಣಲೆಯಲ್ಲಿ ಕಾಳು ಸಿಡಿದಂತೆ ಸದ್ದು. ಕಾಲು ತೆಗೆಯುವಷ್ಟರಲ್ಲಿ ಎಂಜಿನ್ ಕುಂಟತೊಡಗಿತ್ತು.

ಕಾರನ್ನು ಎಳೆಸಿ ತಂದು ಬಿಚ್ಚಿ ನೋಡಿದರೆ ಒಂದು ಸೀಲು ಮುರಿದಿದೆ. ಗ್ಯಾರೇಜಿನಲ್ಲಿ ಸರಿಯಾಗಿಯೇ ಇದ್ದ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಏರಿನ ಹೊರೆ ಬಿದ್ದಾಗ ಸೋತಿತ್ತು. ಪುಣ್ಯಕ್ಕೆ ಗೂಡಿನ ಗೋಡೆಗೆ ಗೀರು ಬಿದ್ದಿರಲಿಲ್ಲ. ಬೇರೆಯವರ ಕಾರಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಫೋನು ಮಾಡಲು ಧೈರ್ಯ ಸಾಲದೆ, ಅಂಗಿ ಬದಲಿಸಿ ಬಸ್ಸು ಹತ್ತಿ ತೋಡಾರಿಗೇ ಹೋದೆ.

ಟೀಚರ್ ಬಾಗಿಲಲ್ಲೇ ನನ್ನ ಮುಖ ನೋಡಿದರು. "ಯಾರಿಗಾದರೂ ಪೆಟ್ಟಾಯಿತಾ?"

"ಇಲ್ಲ ಟೀಚರೇ. ಸೀಲು ಹೋಯಿತು."

"ನಿಮಗೆ?"

"ನನಗೆಂತ ಆಗಲಿಲ್ಲ."

"ಹಾಗಾದರೆ ಒಳಗೆ ಬನ್ನಿ. ಊಟ ಮಾಡಿ ಮಾತಾಡುವ." ಅಕ್ಕಿಯ ತೆಳು ರೊಟ್ಟಿ ಪತ್ತಿರ್ ಬಡಿಸುತ್ತ ಅವರು ಹೇಳಿದರು: "ಲೆಕ್ಕ ತಪ್ಪಾದರೆ ನಾನು ಮಕ್ಕಳಿಗೆ ಪುಸ್ತಕ ಹರಿಯಲಿಕ್ಕೆ ಹೇಳ್ತಿರಲಿಲ್ಲ. ಮತ್ತೆ ಬಿಚ್ಚಿ."

ಮತ್ತೆ ಬಿಚ್ಚಿದೆ. ಸೀಲು ಬದಲಿಸಿ ದೊಡ್ಡ ಪಂಪು ಹಾಕಿದೆ, ಟರ್ಬೊದ ಒತ್ತಡ ಇನ್ನೂ ಕಡಿಮೆ ಮಾಡಿದೆ, ಒಳಹೋಗುವ ಗಾಳಿಯನ್ನು ತಣಿಸಲು ಮುಂದೆ ಸಣ್ಣ ರೇಡಿಯೇಟರೊಂದನ್ನು ಕೂರಿಸಿದೆ. ಈ ಸಲ ಅದೇ ಏರುಗಳನ್ನು ಎಷ್ಟೋ ಬಾರಿ ಹತ್ತಿ ಇಳಿದು, ಆ ಸಿಡಿಯುವ ಸದ್ದಿಲ್ಲವೆಂದು ಕಿವಿಗೊಟ್ಟು ಖಚಿತ ಮಾಡಿಕೊಂಡು, ಆಮೇಲೆಯೇ ಅವರಿಗೆ ತಿಳಿಸಿದೆ.

ತಮ್ಮನ ಮನೆಗೆ ಹೋಗುವ ದಿನ ಟೀಚರೇ ಓಡಿಸುತ್ತೇನೆಂದರು. ನಾನು ಪಕ್ಕದಲ್ಲಿ, ಮಗಳು ಹಿಂದೆ. ಚಡಾವಿನ ಬುಡದಲ್ಲಿ ನನ್ನನ್ನು ಒಮ್ಮೆ ನೋಡಿದರು. "ಎರಡನೇ ಗೇರ್ ಟೀಚರೇ. ಗಾಬರಿ ಬೇಡ, ಒತ್ತಿ," ಎಂದೆ. ಕಾರು ಒಂದು ಕ್ಷಣ ಉಸಿರು ಹಿಡಿದಂತೆ ನಿಧಾನಿಸಿತು, ಮತ್ತೆ ಸುಯ್ಯೆಂದು ಎದ್ದು ಹೊರಟಿತು. ತಿರುವು, ಇನ್ನೊಂದು ತಿರುವು, ಎದುರಿಗೆ ಅಂಗಳ. ಅಷ್ಟೇ. ಇಷ್ಟು ತಿಂಗಳು ಒದ್ದಾಡಿದ್ದು ಇಷ್ಟಕ್ಕೇ ಅನ್ನಿಸುವಷ್ಟು ಬೇಗ ಮುಗಿದು ಹೋಯಿತು.

ಟೀಚರ್ ಎಂಜಿನ್ ನಿಲ್ಲಿಸಿದರು. ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಮಗಳು ಹಿಂದಿನಿಂದ ಬಾಗಿ ಅವರ ಭುಜಕ್ಕೆ ಗಲ್ಲ ಒತ್ತಿದಳು. ನಾನು ಬಾನೆಟ್ ನೋಡುವ ನೆಪ ಮಾಡಿ ಇಳಿದೆ. ಒಳಗಿನಿಂದ ಬಂದ ತಮ್ಮನಿಗೆ ಹಳೆಯ ತಮಾಷೆಯ ನೆನಪೇ ಇದ್ದಂತಿರಲಿಲ್ಲ. "ಬನ್ನಿ ಬನ್ನಿ, ಚಾ ಕುಡಿಯುವ," ಎಂದು ಎಲ್ಲರನ್ನೂ ಕರೆದ.

ಈಗ ಕಾರು ಆಯಿಲ್ ಬದಲಿಸಲು ನನ್ನಲ್ಲಿಗೆ ಬರುತ್ತದೆ. ಅದರ ಪೆಟ್ರೋಲ್ ಹಸಿವು ದೊಡ್ಡದು, ಬಿಸಿಯೂ ಬೇಗ ಆಗುತ್ತದೆ. ಎಷ್ಟು ವರ್ಷ ಬಾಳೀತೆಂದು ಹೇಳಲಾರೆ. ಕಳೆದ ಸಲ ಬಂದಾಗ ಟೀಚರ್ ದನಿ ತಗ್ಗಿಸಿ ಕೇಳಿದರು: "ಆ ಟರ್ಬೊದ ಒತ್ತಡ ಇನ್ನೂ ಸ್ವಲ್ಪ ಹೆಚ್ಚು ಮಾಡ್ಲಿಕ್ಕೆ ಆಗ್ತದಾ?"

"ಆಗುವುದಿಲ್ಲ," ಎಂದೆ ಗಟ್ಟಿಯಾಗಿ.

"ಕೇಳಿದ್ದು ಅಷ್ಟೇ ಅಲ್ವಾ," ಎಂದರು. ಮಗಳಿಗೆ ನಗು ತಡೆಯಲಿಲ್ಲ. ಕೀಲಿ ಯಾರ ಕೈಗೆ ಎಂದು ಇಬ್ಬರೂ ಬ್ಯಾರಿ ಭಾಷೆಯಲ್ಲಿ ಚರ್ಚೆ ಮಾಡುತ್ತ ರಸ್ತೆಯಲ್ಲಿದ್ದ ಕಾರಿನ ಕಡೆ ಹೋದರು.