ಹೆಸರು ಕತ್ತರಿಸದ ನರ್ಸಬಾಯಿ

ನರ್ಸಬಾಯಿ ಕೈಗಡಿಯಾರವನ್ನು ಮುಖ ಒಳಗಡೆ ಬರುವಂತೆ ಕಟ್ಟುತ್ತಿದ್ದರು. ರೋಗಿಯ ನಾಡಿ ಹಿಡಿದಾಗ ಕೈ ತಿರುಗಿಸದೆ ಮುಳ್ಳು ಕಾಣಬೇಕಲ್ಲ, ಅದಕ್ಕೆ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ರೂಢಿ ಬಿಟ್ಟಿರಲಿಲ್ಲ. ಉಗುರು ಮಾಂಸದ ತನಕ ಕತ್ತರಿಸಿದ, ಸಾಬೂನು ಹಚ್ಚಿ ತೊಳೆದು ತೊಳೆದು ಬಿಳಿಚಿದ ಬೆರಳುಗಳು. ಯಾರೊಂದಿಗೆ ಮಾತಾಡಿದರೂ ಅವರ ಮಣಿಕಟ್ಟು ಹಿಡಿದೇ ಮಾತು. ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು: "ಬಾಯಾರ, ನನ್ನ ನಾಡಿ ನಡದೈತೋ, ನಿಂತೈತೋ?" ಅವರೇನು ಕಡಿಮೆಯೇ? "ನಡದೈತಿ. ಆದ್ರ ತಂಬಾಕ ಬಿಡು, ತಂಬಾಕ ಬಿಡು ಅಂತ ಬಡಕೊಳ್ಳಾಕತ್ತೈತಿ ನೋಡ್ರಿ."

ನಮ್ಮದು ಬೆಟಗೇರಿಯ ನೇಕಾರರ ಓಣಿ. ಮಗ್ಗದ ಸಪ್ಪಳದ ನಡುವೆ ಅವರದೊಂದೇ ಕ್ರೈಸ್ತರ ಮನೆ, ನಮ್ಮ ಗೋಡೆಗೆ ಗೋಡೆ ಹಚ್ಚಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ದವಾಖಾನೆಗಳಲ್ಲೆಲ್ಲ ನೌಕರಿ ಮಾಡಿ ಕೊನೆಗೆ ಇಲ್ಲಿ ಬಂದು ನಿಂತವರು. ಮದುವೆಯಾಗಲಿಲ್ಲ. ತಾಯಿ ತಂದೆ ಬೇಗ ತೀರಿಕೊಂಡಿದ್ದರು. ಸಣ್ಣ ತಮ್ಮನನ್ನು ಇವರೇ ಸಾಕಿ, ಓದಿಸಿ, ಮದುವೆ ಮಾಡಿದರು. ಆತ ಎರಡು ಓಣಿ ಆಚೆ ಮೋಟರ್‌ಸೈಕಲ್ ಗ್ಯಾರೇಜು ಇಟ್ಟಿದ್ದಾನೆ. ನನ್ನ ಮಗ ಹುಟ್ಟಿದಾಗ ಮೊದಲು ಎತ್ತಿದ ಕೈಯೂ ನರ್ಸಬಾಯಿಯದೇ.

ಅವರಿಗೊಂದು ವಿಚಿತ್ರ ಹಟ ಇತ್ತು. ಯಾರ ಹೆಸರನ್ನೂ ತುಂಡು ಮಾಡಿ ಕರೆಯುತ್ತಿರಲಿಲ್ಲ, ಬೇರೆಯವರು ಕರೆದರೆ ಬಿಡುತ್ತಲೂ ಇರಲಿಲ್ಲ. ನಮ್ಮ ಕಡೆ ಮಕ್ಕಳ ಹೆಸರು ಪೂರ್ತಿ ಹೊರಡುವುದೇ ನಾಮಕರಣದ ದಿನ ಒಮ್ಮೆ, ಲಗ್ನಪತ್ರಿಕೆಯಲ್ಲಿ ಒಮ್ಮೆ. ಉಳಿದಂತೆ ಎಲ್ಲರೂ ಬಸ್ಯಾ, ಮಲ್ಯಾ, ನೀಲಿ, ಪಾರಿ. ನಾನು ನನ್ನ ಮಗನನ್ನು "ಲೇ ಚನ್ನ್ಯಾ" ಎಂದು ಕೂಗಿದರೆ ಸಾಕು, ಗೋಡೆಯಾಚೆಯಿಂದ ದನಿ ಬರುತ್ತಿತ್ತು: "ಚನ್ನಬಸವ ಅನ್ನವಾ! ಅಷ್ಟ ಚಂದ ಹೆಸರ ಇಟ್ಟೀರಿ, ಕರ್ಯಾಕ ಏನ್ ಧಾಡಿ?" ನನ್ನನ್ನಂತೂ ಅತ್ತೆ ಗಂಗಿ ಅನ್ನುತ್ತಿದ್ದರು, ಗಂಡ ಏ ಅನ್ನುತ್ತಿದ್ದರು. ಗಂಗಾಂಬಿಕಾ ಎಂಬ ಅಷ್ಟುದ್ದದ ಹೆಸರು ನನಗಿದೆ ಎಂಬುದು ನನಗೇ ಮರೆತುಹೋಗಿತ್ತು. ನರ್ಸಬಾಯಿ ಬಾಯಿ ತುಂಬ ಹಾಗೆಯೇ ಕರೆಯುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ, ಖರೆ ಹೇಳುತ್ತೇನೆ, ಆ ಕರೆ ಕೇಳುವುದಕ್ಕೆಂದೇ ನೆಪ ಮಾಡಿಕೊಂಡು ಅವರ ಮನೆಗೆ ಹೋಗುತ್ತಿದ್ದೆ.

ಡಿಸೆಂಬರ್ ಬಂದರೆ ಅವರ ಮನೆಯಲ್ಲಿ ಕರ್ಚಿಕಾಯಿ, ಚಕ್ಕಲಿ, ಬೇಸನ್ ಉಂಡಿ. ಮೊದಲ ತಾಟು ತಮ್ಮನ ಮನೆಗೆ, ಎರಡನೆಯದು ನಮಗೆ, ಆಮೇಲೆ ಓಣಿಗೆಲ್ಲ. ತಮ್ಮ ಚೆನ್ನಾಗಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ. ಚರ್ಚಿನ ಹುಡುಗರನ್ನು ಕಟ್ಟಿಕೊಂಡು, ಕೊರಳಿಗೆ ಪೇಟಿ ನೇತುಹಾಕಿಕೊಂಡು ಸಂಜೆ ಮನೆಮನೆಗೆ ಹಾಡುತ್ತ ಹೊರಟರೆ ಮೊದಲು ನಿಲ್ಲುವುದು ಅಕ್ಕನ ಬಾಗಿಲಿಗೆ. ಅವರು ಹೊಸಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದರು. ನಾವು ಲಿಂಗದವರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆವು. ನಮಗೂ ಅದು ಹಬ್ಬವೇ ಆಗಿಬಿಟ್ಟಿತ್ತು.

ಹಬ್ಬ ಕೆಟ್ಟಿದ್ದು ಒಂದು ಫ್ಲೆಕ್ಸಿನಿಂದ. ಆ ವರ್ಷ ಅವರ ತಮ್ಮ ಚರ್ಚಿನ ಯುವಕರ ಕಮಿಟಿಗೆ ಅಧ್ಯಕ್ಷನಾಗಿದ್ದ. ಓಣಿಯ ಬಾಯಿಗೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ನಡುವೆ ಅವನ ಫೋಟೊ, ಸುತ್ತ ಕಪ್ಪು ಕನ್ನಡಕದ ಹುಡುಗರ ಫೋಟೊಗಳು, ಮೂಲೆಯಲ್ಲಿ ಸಣ್ಣದಾಗಿ ಇಂಗ್ಲಿಷಿನಲ್ಲಿ 'Happy X-mas'. ನರ್ಸಬಾಯಿ ಕಾಯಿಪಲ್ಲೆ ಚೀಲ ಹಿಡಿದು ಬರುತ್ತಿದ್ದವರು ಅದರ ಕೆಳಗೆ ನಿಂತರು. ಹುಡುಗರ ಜೊತೆ ತಮ್ಮನೂ ಹಗ್ಗ ಬಿಗಿಯುತ್ತಿದ್ದ.

"ಕ್ರಿಸ್ತನ ಹೆಸರ ಎಲ್ಲೈತೋ?"

"ಐತಲ್ಲಕ್ಕ, ಎಕ್ಸ್ ಅಂದ್ರ ಅದ. ಜಾಗಾ ಸಾಲಲಿಲ್ಲ, ಶಾರ್ಟ್ ಮಾಡೇವಿ."

"ಇಷ್ಟ ಮಂದಿ ಮಾರಿ ಹಿಡಿಸೈತಿ, ಹಬ್ಬ ಯಾರದೋ ಅವನ ಹೆಸರಿಗೆ ಜಾಗಾ ಸಾಲಲಿಲ್ಲ? ನಾಚಿಕಿ ಬರೂದಿಲ್ಲೇನು ನಿನಗ?"

ಹುಡುಗರು ಮುಸಿಮುಸಿ ನಕ್ಕರು. ಅವನಿಗೆ ಅದು ತಾಗಿತು. "ನೀ ಏನ್ ಪಾದ್ರಿ ಏನ? ಜಗತ್ತನ್ಯಾಗ ಎಲ್ಲಾರೂ ಹಿಂಗ ಬರೀತಾರ. ದವಾಖಾನ್ಯಾಗ ಮಂದೀನ್ನ ಗದರಿಸಿದಂಗ ನನ್ನ ಗದರಿಸಬ್ಯಾಡ" ಅಂದ. ನರ್ಸಬಾಯಿಯ ಮುಖ ಕೆಂಪಾಯಿತು. "ಹಂಗಾರ ಇದನ್ನ ಕಟ್ಟಿಕೊಂಡು ನನ್ನ ಮನಿಗೆ ಹಾಡಾಕ ಬರಬ್ಯಾಡ" ಎಂದು ಬಂದುಬಿಟ್ಟರು. ಸಿಟ್ಟಿನ ಮಾತು, ನಾಳೆ ಇಳಿಯುತ್ತದೆ ಎಂದು ನಾವೆಲ್ಲ ತಿಳಿದೆವು. ಆ ಪುಣ್ಯಾತ್ಮ ಅದನ್ನೇ ಗಟ್ಟಿ ಹಿಡಿದ. ಆ ಸಂಜೆ ಹಾಡಿನ ತಂಡ ನಮ್ಮ ಓಣಿಯ ತನಕ ಬಂದು, ಹೊರಳಿ ಬೇರೆ ಕಡೆ ಹೋಯಿತು. ನರ್ಸಬಾಯಿ ಕುರ್ಚಿ ಹಾಕಿಕೊಂಡು ಕೂತೇ ಇದ್ದರು.

ಓಣಿಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ನಮ್ಮ ಮನೆಯವರು ಅಂದರು: "ನಾವು ನಾಗರಪಂಚಮಿಗೆ ಬರೇ ಪಂಚಮಿ ಅಂತೀವ್ರಿ ಬಾಯಾರ. ಯಾವ ನಾಗಪ್ಪ ಸಿಟ್ಟಾಗಿ ಬುಸ್ ಅಂದಾನ?" ಚರ್ಚಿನ ಅಯ್ಯನವರು ಸ್ವತಃ ಮನೆಗೆ ಬಂದು, ಅದು ಅವಮಾನವಲ್ಲವೆಂದೂ, ಗ್ರೀಕರ ಭಾಷೆಯಲ್ಲಿ ಕ್ರಿಸ್ತನ ಹೆಸರಿನ ಮೊದಲ ಅಕ್ಷರ ಹಾಗೇ ಕಾಣುತ್ತದೆಂದೂ, ಹಿಂದಿನ ಭಕ್ತರೇ ಹಾಗೆ ಬರೆಯುತ್ತಿದ್ದರೆಂದೂ ತಿಳಿಸಿ ಹೇಳಿದರು. ನರ್ಸಬಾಯಿ ಅವರಿಗೆ ಚಹಾ ಕೊಟ್ಟು ಅಂದರು: "ಗ್ರೀಕ ಮಂದಿಗೆ ಅದು ಅಕ್ಷರ ಇದ್ದೀತು ಅಯ್ಯನವರ. ಬೆಟಗೇರಿ ಮಂದಿಗೆ ಅದು ಇಂಟು. ಮಾಸ್ತರ ತಪ್ಪಿಗೆ ಹಾಕ್ತಾರಲ್ಲ, ಅದು." ಅಯ್ಯನವರು ನಕ್ಕು ಎದ್ದರು. ನನಗೂ ಒಳಗೊಳಗೆ ಇದು ಅತಿಯಾಯಿತು ಅನ್ನಿಸಿತ್ತು. ಒಂದು ಅಕ್ಷರಕ್ಕೆ ಸಾಕಿದ ತಮ್ಮನನ್ನು ಬಿಡುವುದೇ?

ಬಿಟ್ಟಿರಲೂ ಇಲ್ಲ ಅವರು. ಮರುವರ್ಷ ಮೊದಲ ತಾಟನ್ನು ನನ್ನ ಕೈಯಲ್ಲಿ ಅವನ ಮನೆಗೆ ಕಳಿಸಿದರು. ಅವನು ತಿಂಡಿ ತೆಗೆದುಕೊಂಡು ತಾಟನ್ನು ತೊಳೆಸಿ ಬರಿದೇ ಕೊಟ್ಟ. ನಮ್ಮ ಕಡೆ ಕೊಟ್ಟು ಕಳಿಸಿದ ತಾಟನ್ನು ಬರಿದಾಗಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ನಾನು ಸೀದಾ ನಮ್ಮ ಮನೆಗೆ ಬಂದು ಒಂದು ಹಿಡಿ ಸಕ್ಕರೆ ಹಾಕಿ, "ತಮ್ಮ ಕೊಟ್ಟಾನ್ರಿ" ಎಂದು ಒಯ್ದುಕೊಟ್ಟೆ. ನರ್ಸಬಾಯಿ ಸಕ್ಕರೆಯನ್ನು ಬೆರಳಿನಲ್ಲಿ ಆಡಿಸಿ ನೋಡಿದರು. "ಅವನ ಮನ್ಯಾಗ ಸಣ್ಣ ಸಕ್ರಿ ತರತಾರ ಗಂಗಾಂಬಿಕಾ. ಇದು ನಿಮ್ಮ ಮನೀದು" ಅಂದರು.

ಹೀಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾಗ ನಾನೇ ರೇಗಿದೆ. "ಸಾಕ ಬಿಡ್ರಿ ಬಾಯಾರ. ಹೆಸರ ಕತ್ತರಿಸಿದ್ರ ದೇವ್ರೇನ ಕಡಿಮಿ ಆಗ್ತಾನೇನು? ನೀವ ಸಣ್ಣಾಗಿ ಒಮ್ಮಿ ಕರ್ದ್ರ ಅಂವ ಓಡಿ ಬರ್ತಾನ." ಅವರು ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳತೊಡಗಿದರು.

ಆಗಿನ್ನೂ ಹೊಸದಾಗಿ ನೌಕರಿಗೆ ಸೇರಿದ್ದರಂತೆ. ಯಾವ ಊರಿನ ದವಾಖಾನೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ವಾಂತಿಭೇದಿಯ ಕಾಲ. ವಾರ್ಡಿನಲ್ಲಿ ಇಬ್ಬರು ಸಣ್ಣ ಹುಡುಗರು: ಒಬ್ಬ ಮುತ್ತಪ್ಪ, ಒಬ್ಬ ಮುತ್ತುರಾಜ. ಮನೆಯವರೂ, ದವಾಖಾನೆಯವರೂ ಇಬ್ಬರಿಗೂ ಮುತ್ತು ಅಂತಲೇ ಅನ್ನುತ್ತಿದ್ದರು. ಇವರು ಡ್ಯೂಟಿಗೆ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಒಳಗಿನಿಂದ ಡಾಕ್ಟರು, "ಮುತ್ತೂದು ಮುಗೀತು. ಹೊರಗ ಅವರವ್ವಗ ಹೇಳ್ರಿ" ಅಂದರು.

"ನಾ ಪಡಸಾಲಿಗೆ ಬಂದು, ಮುತ್ತೂನ ಅವ್ವ ಯಾರವಾ ಅಂದೆ. ಬಾಗಲಕ ಕುಂತಾಕಿ ಎದ್ದಳು. ಆಕಿಗೆ ಹೇಳಿಬಿಟ್ಟೆ. ಆಕಿ ನೆಲಕ್ಕ ಬಿದ್ದು ಹೊರಳ್ಯಾಡಿ ಅಳಾಕತ್ತಳು. ಇನ್ನೊಬ್ಬಾಕಿ ನೀರ ತರಾಕ ಹೋಗಿದ್ದಾಕಿ ಓಡಿ ಬಂದು, ಈಕಿ ತಲಿ ತನ್ನ ತೊಡಿ ಮ್ಯಾಲ ಇಟಗೊಂಡು, ಬಾಯಿಗೆ ನೀರ ಹಾಕಿ, ಸಮಾಧಾನ ಮಾಡ್ಕೋ ತಂಗಿ, ಕೊಟ್ಟಾಂವ ಒಯ್ದ ಅಂತ ತಾನೂ ಅಳಾಕತ್ತಳು. ಅಷ್ಟರಾಗ ಒಳಗಿಂದ ಒಂದ ಕೂಸು ಅವ್ವಾ ಅಂತ ಕೂಗಿತು. ನೆಲಕ್ಕ ಬಿದ್ದಾಕಿ ತಟ್ಟನ ಎದ್ದು ಕುಂತಳು. ಆಕಿ ಮಗನ ದನಿ ಅದು."

ನಾನು ಶೇಂಗಾ ಕೆಳಗಿಟ್ಟೆ.

"ಆಮ್ಯಾಲ ಸಮಾಧಾನ ಮಾಡಿದಾಕಿಗೆ ನಾ ಹೇಳಬೇಕಾತು. ಆಕಿ ಅಳಲಿಲ್ಲ ಗಂಗಾಂಬಿಕಾ. ನನ್ನ ಕೈ ಹಿಡಕೊಂಡು, 'ಬಾಯಾರ, ಇನ್ನೊಮ್ಮಿ ಚಲೋತ್ನಾಗ ನೋಡಿ ಬರ್ರಿ' ಅಂದಳು. ನಾ ಒಮ್ಮಿ ತಪ್ಪ ಹೇಳಿದ್ನಲ್ಲ, ಇದೂ ತಪ್ಪ ಇದ್ದೀತು ಅಂತ ಆಕಿಗೆ ಆಸೆ. ನಾ ಒಳಗ ಹೋಗಿ ಸುಮ್ಮನ ನಿಂತು ಹೊರಗ ಬಂದೆ. ಮತ್ತ ಕಳಿಸಿದಳು. ಮತ್ತ ಹೋದೆ."

ಅವರು ನನ್ನ ಮಣಿಕಟ್ಟು ಬಿಟ್ಟು, ಶೇಂಗಾ ಸಿಪ್ಪೆಯನ್ನು ಒಂದೆಡೆ ಗುಡಿಸಿ ಕೂಡಿಸಿದರು. "ಅವತ್ತಿಗೆ ಬಿಟ್ಟೆ, ಹೆಸರ ತುಂಡ ಮಾಡೂದು. ಬಡವರ ಕೂಸಿನ ಹೆಸರ ತುಂಡ ಮಾಡಿದ್ದಕ್ಕ ಹಿಂಗಾತು. ಕ್ರಿಸ್‌ಮಸ್ ಅಂದ್ರೂ ಒಂದ ಕೂಸು ಹುಟ್ಟಿದ ದಿನಾನ ಅಲ್ಲೇನು? ಅದರ ಹೆಸರಿನ ಜಾಗಾದಾಗ ಇಂಟು ನೋಡಿದ್ರ ನನಗ ಆ ಪಡಸಾಲಿ ಕಾಣತೈತಿ. ಏನ್ ಮಾಡಲಿ?"

"ಇದನ್ನ ತಮ್ಮಗ ಹೇಳ್ರೆಲಾ" ಅಂದೆ, ಅಳುತ್ತಲೇ.

"ಬ್ಯಾಡ. ನಮ್ಮಕ್ಕ ಎಂದೂ ತಪ್ಪ ಮಾಡಾಕಿ ಅಲ್ಲ ಅಂತ ಅಂವ ಸಾಲ್ಯಾಗೆಲ್ಲ ಹೇಳಕೋತ ತಿರಗ್ಯಾನ. ಅಂವ ಹಂಗ ತಿಳಕೊಂಡಿರಲಿ. ನೀನೂ ಹೇಳಬ್ಯಾಡ." ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಹೋದ ವರ್ಷ ಚಳಿ ಶುರುವಾದಾಗ ಅವರಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ಒಂದು ಸಂಜೆ ಗೋಡೆಯಾಚೆ ಏನೋ ಬಿದ್ದ ಸಪ್ಪಳ. ಓಡಿ ಹೋಗಿ ನೋಡಿದರೆ ನೆಲದ ಮೇಲೆ ಕೂತು ಗಾಳಿಗೆ ಒದ್ದಾಡುತ್ತಿದ್ದಾರೆ. ಆಟೋದಲ್ಲಿ ಹಾಕಿಕೊಂಡು ಗದಗಿನ ಒಂದು ದವಾಖಾನೆಗೆ ಒಯ್ದೆವು. ಅವರನ್ನು ಗಾಲಿಮಂಚದ ಮೇಲೆ ಒಳಗೆ ಕರೆದೊಯ್ದರು. ಕೌಂಟರಿನ ಹುಡುಗಿ ಕೇಳಿದಳು: "ಪೇಷಂಟ್ ಹೆಸರ ಹೇಳ್ರಿ."

"ನರ್ಸಬಾಯಿ" ಅಂದೆ.

"ಅದು ಕೆಲಸ ಆತ್ರಿ. ಹೆಸರು? ಪೂರ್ತಿ ಹೆಸರು?"

ನಾನು ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಪಕ್ಕದ ಮನೆಯವರು, ನನ್ನ ಬಾಣಂತನ ಮಾಡಿದವರು, ಅವರ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತು. ಹೆಸರು ಗೊತ್ತಿರಲಿಲ್ಲ. ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೊನೆಗೆ ಗ್ಯಾರೇಜಿಗೆ ಫೋನು ಮಾಡಿದೆ.

"ತಮ್ಮಾ, ನಿಮ್ಮಕ್ಕನ ಹೆಸರೇನಪಾ?"

ಆಚೆ ಸುತ್ತಿಗೆಯ ಸಪ್ಪಳ ನಿಂತಿತು. "ಯಾಕ್ರಿ ಅಕ್ಕಾರ, ಎಲ್ಲಿದೀರಿ?" ಅಂದ. ಹೇಳಿದೆ. ಅವನು ಹೆಸರು ಹೇಳಿದ; ತಮ್ಮ ಅಪ್ಪನ ಹೆಸರು ಸೇರಿಸಿ, ಒಂದೊಂದಾಗಿ ಬಿಡಿಸಿ ಹೇಳಿದ.

ಅವನು ಕೈಯ ಗ್ರೀಸನ್ನೂ ತೊಳೆಯದೆ ಬಂದ. ಒಳಗೆ ಬಿಡುವ ತನಕ ಬೆಂಚಿನ ಮೇಲೆ ಕೂತಿದ್ದೆವು. ಆಗ ನಾನು ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಮುತ್ತಪ್ಪ, ಮುತ್ತುರಾಜ, ಪಡಸಾಲೆ, ಎಲ್ಲ. ಅವನು ತಲೆ ತಗ್ಗಿಸಿ ಕೇಳಿದ.

"ನನಗ ಒಮ್ಮಿ ಹೇಳಿದ್ರ ಆಗತಿರಲಿಲ್ಲೇನ್ರಿ? ಫ್ಲೆಕ್ಸ ಅಲ್ಲ, ಓಣಿ ಗ್ವಾಡಿಗೆಲ್ಲ ಪೂರ್ತಿ ಬರಸ್ತಿದ್ದೆ."

"ನಿನ್ನ ಕಣ್ಣಾಗ ಸಣ್ಣಾಕಿ ಆಗಬಾರ್ದಂತ ಹೇಳಿಲ್ಲಪಾ."

ಅವನು ಗ್ರೀಸಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಒಳಗೆ ಬಿಟ್ಟಾಗ ನರ್ಸಬಾಯಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು, ಕಣ್ಣು ಮುಚ್ಚಿದ್ದವು. ಅವನು ಮಂಚದ ಬದಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. "ಅಕ್ಕ, ಮನಿಗೆ ಹಾಡಾಕ ಬರಬ್ಯಾಡ ಅಂದಿದ್ದಿ. ಇದು ನಿನ್ನ ಮನಿ ಅಲ್ಲಲ್ಲ" ಅಂದ. ಅಂದು, ಅವರ ಕಿವಿಯ ಹತ್ತಿರ ಸಣ್ಣ ದನಿಯಲ್ಲಿ ಹಾಡತೊಡಗಿದ. ಪೇಟಿ ಇಲ್ಲ, ತಂಡ ಇಲ್ಲ. ಎರಡು ಸಾಲು ಹಾಡುವಷ್ಟರಲ್ಲಿ ಅಳು ಬಂದು ನಿಲ್ಲಿಸಿದ, ಮತ್ತೆ ಹಾಡಿದ. ಅವರು ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರು ಎಂದು ಹೇಳಿ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲಾರೆ. ಕಣ್ಣು ತೆರೆಯಲಿಲ್ಲ, ಬೆರಳು ಅಲುಗಲಿಲ್ಲ. ಬೆಳಗಿನ ಜಾವಕ್ಕೆ ಹೋಗಿಬಿಟ್ಟರು.

ಅವರ ಹೆಸರು ಈಗ ನನಗೆ ಬಾಯಿಪಾಠ. ಇಲ್ಲಿ ಬರೆಯಲು ಮಾತ್ರ ಕೈ ಬರುತ್ತಿಲ್ಲ. ಕರೆಯಬೇಕಾದ ಹೊತ್ತಿನಲ್ಲಿ ಕರೆಯದವಳು ಈಗ ಬರೆದು ಏನು ದೊಡ್ಡಸ್ತಿಕೆ ಮೆರೆಯಲಿ? ಒಂದು ಮಾತ್ರ ಬಿಟ್ಟೂಬಿಡದೆ ಕಾಡುತ್ತದೆ. ನನ್ನ ಹೆಸರಿಗೆ, ನನ್ನ ಮಗನ ಹೆಸರಿಗೆ, ಓಣಿಯ ಎಲ್ಲ ಬಸ್ಯಾ ಮಲ್ಯಾರ ಹೆಸರಿಗೆ, ತಮ್ಮ ದೇವರ ಹೆಸರಿಗೆ ಅಷ್ಟು ಜಗಳಾಡಿದ ಆ ತಾಯಿ, ನಾವೆಲ್ಲ ಅಷ್ಟು ವರ್ಷ ನರ್ಸಬಾಯಿ, ನರ್ಸಬಾಯಿ ಎಂದು ಕೂಗುವಾಗ 'ನನಗೂ ಒಂದು ಹೆಸರೈತಿ' ಎಂದು ಒಮ್ಮೆಯೂ ಬೈಯಲಿಲ್ಲ. ಬೈಯಬೇಕಿತ್ತು.