ಹೆಡ್ಲಿ ಆಕ್ರಾಯ್ಡನ ಪಾರಿವಾಳಗಳ ಜಪ್ತಿ

ಇಂಗ್ಲೆಂಡಿನ ಬಾರ್ನ್ಸ್ಲಿಯ ಹೆಡ್ಲಿ ಆಕ್ರಾಯ್ಡ್ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಎರಡೇ ಕೆಲಸ ಮಾಡಿದ: ಪಂದ್ಯದ ಪಾರಿವಾಳ ಸಾಕಿದ, ಪುರಸಭೆಯ ಮನೆ ತೆರಿಗೆ ಕಟ್ಟದೆ ಬಿಟ್ಟ. ಮೊದಲನೆಯದರಿಂದ ಕೀರ್ತಿ ಬಂತು, ಎರಡನೆಯದರಿಂದ ಅಮೀನ ಬಂದ.

ಅಮೀನ ಒಂದೇ ಸಲ ಬಂದರೂ ಮೂರು ವರ್ಷದ ಬಾಕಿಗೆ ಮೂರು ಭೇಟಿಯ ಶುಲ್ಕ ಜಡಿದ. ಹಿತ್ತಲ ಗೂಡಿನ ಪಾರಿವಾಳಗಳನ್ನೂ ಜಪ್ತಿಗೆ ಬರೆದುಕೊಂಡ.

“ಒಂದು ಸಲ ಬಾಗಿಲು ತಟ್ಟಿ ಮೂರು ಸಲದ ಕೂಲಿ ಕೇಳ್ತಾನಲ್ಲೇ, ಈನಿಡ್!” ಹೆಡ್ಲಿ ಗುಡುಗಿದ.

“ಬೀದೀಲಿ ಕೂಗಿದ್ರೆ ಕಮ್ಮಿ ಆಗುತ್ತಾ? ಹೋಗಿ ಕಾನೂನು ಓದು,” ಎಂದಳು ಹೆಂಡತಿ.

ಗ್ರಂಥಾಲಯದ ಹೀಟರ್ ಪಕ್ಕ ಕೂತು ಓದಿಯೇಬಿಟ್ಟ. ಬಾಕಿಗಳನ್ನು ಒಟ್ಟಿಗೆ ವಸೂಲಿ ಮಾಡಬಹುದಾದರೆ ಭೇಟಿಯ ಶುಲ್ಕ ಒಂದೇ. ಅದಕ್ಕಿಂತ ಸಿಹಿ ಸುದ್ದಿ, ಮನೆಯಲ್ಲಿ ಪ್ರೀತಿಗೆ ಸಾಕಿದ ಪ್ರಾಣಿಯನ್ನು ಅಮೀನ ಮುಟ್ಟುವಂತಿಲ್ಲ.

“‘ಪ್ರೀತಿಗೆ ಸಾಕಿದ್ದು ಮ್ಯಾಡಂ.’ ಅಷ್ಟು ಹೇಳು, ಆಮೇಲೆ ಬಾಯಿಗೆ ಬೀಗ,” ಎಂದು ಈನಿಡ್ ಬಾಯಿಪಾಠ ಮಾಡಿಸಿದಳು.

ಸಾವಿನ ಮನೆಗೆ ಹೋಗುವಾಗ ಹಾಕುವ ಕೋಟು ತೊಟ್ಟು ಹೆಡ್ಲಿ ಕೋರ್ಟಿಗೆ ದಂಡೆತ್ತಿ ಹೋದ. ಶುಲ್ಕದ ವಾದದಲ್ಲಿ ಅಮೀನನ ವಕೀಲನನ್ನು ಮಣ್ಣುಮುಕ್ಕಿಸಿದ. ಎರಡು ಶುಲ್ಕ ಅಲ್ಲೇ ವಜಾ! ಈನಿಡ್ ಕಣ್ಣೊರೆಸಿಕೊಂಡಳು.

ನ್ಯಾಯಾಧೀಶೆ ಮೃದುವಾಗಿ ಕೇಳಿದರು: “ಈ ಹಕ್ಕಿಗಳು ನೀವು ಪ್ರೀತಿಗೆ ಸಾಕಿದ್ದು, ಅಲ್ವಾ ಆಕ್ರಾಯ್ಡ್ ಅವರೇ?”

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಪಾರಿವಾಳ ಕ್ಲಬ್ಬಿನಲ್ಲಿ ಪ್ರತಿ ವರ್ಷ ಹೆಡ್ಲಿಗೆ ಸೋಲುವ ಕ್ಲೆಗ್ ತಮಾಷೆ ನೋಡಲೆಂದೇ ಬಂದಿದ್ದ. “ಪಾಪ, ಗುಬ್ಬಚ್ಚಿಗಳು,” ಎಂದು ಪಕ್ಕದವನಿಗೆ ಉಸುರಿದ.

ಹೆಡ್ಲಿಯ ಕಿವಿ ಕೆಂಪಾಯಿತು.

“ಪ್ರೀತಿಗಾ? ಫ್ರಾನ್ಸಿಂದ ಸಮುದ್ರ ದಾಟಿ ಬರೋ ವೀರರು ಮ್ಯಾಡಂ ಇವು! ತೊಡೆ ಮೇಲೆ ಕೂರಿಸ್ಕೊಳ್ಳೋಕೆ ಕ್ಲೆಗ್ಗನ ಹಕ್ಕಿಗಳಲ್ಲ! ಒಂದೊಂದೂ ಸಾವಿರ ಪೌಂಡಿನ ಮಾಲು!”

ಅಮೀನನ ವಕೀಲ ಆ ಬೆಲೆಯನ್ನು ಕೃತಜ್ಞತೆಯಿಂದ ಬರೆದುಕೊಂಡ. ಈನಿಡ್ ಮುಖ ಮುಚ್ಚಿಕೊಂಡಳು.

ಹರಾಜಿನಲ್ಲಿ ವೀರರು ಕೋಳಿ ಬೆಲೆಗೆ ಹೋದರು. ಕೂಗಿದವನು ಕ್ಲೆಗ್ ಒಬ್ಬನೇ.

ಪಾರಿವಾಳಕ್ಕೆ ಕಾನೂನು ಗೊತ್ತಿಲ್ಲ. ಕ್ಲೆಗ್ ಮೊದಲ ಸಲ ಹೊರಗೆ ಬಿಟ್ಟ ದಿನವೇ ಬೂದು ಹೆಣ್ಣು ಹಕ್ಕಿ ನೆಟ್ಟಗೆ ಹೆಡ್ಲಿಯ ಗೂಡಿಗಿಳಿಯಿತು. ಅದನ್ನು ಎದೆಗವಚಿಕೊಂಡು ಅವನು ಬಹಳ ಹೊತ್ತು ನಿಂತ.

“ಕ್ಲೆಗ್ಗನಿಗೆ ಫೋನ್ ಮಾಡು,” ಎಂದಳು ಈನಿಡ್. “ಇಟ್ಕೊಂಡ್ರೆ ಕಳ್ಳತನ. ಅದನ್ನೂ ನೀನೇ ಓದ್ಕೊಂಡು ಬಂದಿದ್ದು.”

ಕ್ಲೆಗ್ ಕೈಬೀಸಿಕೊಂಡು ಬಂದ. “ಬುಟ್ಟಿ ತರೋದು ಮರೆತೆ ಕಣಯ್ಯ. ನಿಂದೇ ಕೊಡು.”

ಹೆಡ್ಲಿ ಕೊಟ್ಟ.

“ಈ ಬುಟ್ಟಿ ನನ್ನ ಹತ್ರಾನೇ ಇರಲಿ,” ಎಂದ ಕ್ಲೆಗ್. “ಮಿಕ್ಕವನ್ನ ನಾಳೆ ಬಿಡ್ತೀನಿ.”