ಕದ್ದ ಸ್ಫಟಿಕದ ಕಡ್ಡಿ

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದು ಕರೆಂಟ್ ಹೋದಾಗ ಮಾತ್ರ. ಗಂಡಸರು ಶಪಿಸುತ್ತಾ ಟೀ ಅಂಗಡಿಗೆ ಹೊರಟರೆ, ಭಾಗ್ಯಮ್ಮ ಹಿತ್ತಲಿಗೆ ಬಂದು ನಿಲ್ಲುತ್ತಾಳೆ. ಎಮ್ಮೆಯೊಂದು ಮಲಗಿದರೆ ತುಂಬಿಹೋಗುವಷ್ಟು ಜಾಗ. ಅಷ್ಟರಲ್ಲೇ ದಾಸವಾಳ, ನಂದಿಬಟ್ಟಲು, ಕನಕಾಂಬರ, ಮರುಗ, ದೊಡ್ಡಪತ್ರೆ. ಒಡೆದ ಬಕೆಟ್ಟು, ತೂತು ಬಿದ್ದ ಹಂಡೆ, ಎಲ್ಲವೂ ಅವಳಿಗೆ ಕುಂಡವೇ. ಸದ್ದಡಗಿದ ಹೊತ್ತಿನಲ್ಲಿ ಮರುಗದ ಪರಿಮಳ ಮೇಲೇಳುತ್ತದೆ, ಜೇನುನೊಣದ ಗುಂಯ್‌ಗುಟ್ಟುವಿಕೆ ಕೇಳುತ್ತದೆ, ತಾನು ಎಲ್ಲಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವುದೂ ಆಗಲೇ.

ಅವಳದು ಗಟ್ಟಿ ಗಿಡಗಳ ಸಹವಾಸ. ಗುಲಾಬಿಯನ್ನು ಕಂಡರಾಗದು. ಅದು ಹೊಸ ಅಳಿಯನ ಹಾಗೆ, ಎಷ್ಟು ಉಪಚಾರ ಮಾಡಿದರೂ ಮುನಿಸು ಎನ್ನುತ್ತಾಳೆ. ಯಾರು ಕೇಳಿದರೂ ಕಡ್ಡಿ ಮುರಿದು ಕೊಡುತ್ತಾಳೆ. ಬೀದಿಯ ಯಾವ ಮಗುವಿಗೆ ಕೆಮ್ಮು ಬಂದರೂ ದೊಡ್ಡಪತ್ರೆ ಅವಳದೇ.

ಕೊಡದೆ ಉಳಿಸಿಕೊಂಡದ್ದು ಒಂದೇ ಒಂದು, ನೀಲಿಗೂ ನೇರಳೆಗೂ ನಡುವಿನ ಬಣ್ಣದ ಸ್ಫಟಿಕದ ಹೂಗಿಡ. ಅದರ ತಾಯಿಗಿಡ ಪಕ್ಕದ ಊರು ಮಧುರೆಯಲ್ಲಿ ಅವಳ ಅಮ್ಮ ಅಕ್ಕಯಮ್ಮನ ಹಿತ್ತಲಲ್ಲಿತ್ತು. ಕೊಟ್ಟ ಸ್ಫಟಿಕ ಹತ್ತುವುದಿಲ್ಲ, ಕದ್ದದ್ದಾದರೆ ಕಲ್ಲಿನ ಮೇಲೂ ಚಿಗುರುತ್ತದೆ ಎಂಬುದು ಅಕ್ಕಯಮ್ಮನ ನಂಬಿಕೆ. ಮದುವೆಯ ಹಿಂದಿನ ದಿನ ಮಗಳು ಅಂಗಲಾಚಿದರೂ ಗದರಿ ಕಳಿಸಿದ್ದಳು. ಅವತ್ತು ಮಧ್ಯಾಹ್ನ ಅಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿದ್ದಾಗ ಭಾಗ್ಯಮ್ಮ ಒಂದು ಕಡ್ಡಿ ಮುರಿದು ಸೀರೆಗಂಟಿನಲ್ಲಿ ಬಚ್ಚಿಟ್ಟುಕೊಂಡಳು. ಆಮೇಲೆ ಅಕ್ಕಯಮ್ಮ ಮಗಳ ಮನೆಗೆ ಬಂದಾಗಲೆಲ್ಲ ಆ ಗಿಡದ ಒಣಗಿದ ಎಲೆ ಕಿತ್ತು ಹಾಕುತ್ತಿದ್ದಳೇ ಹೊರತು, ಎಲ್ಲಿಂದ ಬಂತೆಂದು ಕೇಳಲಿಲ್ಲ. ಕದ್ದೆನೆಂದು ಹೇಳುವ ಧೈರ್ಯ ಮಗಳಿಗೂ ಬರಲಿಲ್ಲ. ಈಗ ಅಮ್ಮನೂ ಇಲ್ಲ, ಆ ಹಿತ್ತಲೂ ಇಲ್ಲ. ಅಮ್ಮನದೊಂದು ಫೋಟೋ ಕೂಡ ಇಲ್ಲ. ಇದ್ದದ್ದು ಆ ಬಣ್ಣವೊಂದೇ.

ಈ ಸಲ ಮೊಗ್ಗು ಕಟ್ಟುವ ಹೊತ್ತಿಗೆ ಗಂಡ ಕೋದಂಡರಾಮಯ್ಯನಿಗೆ ಆ ಹೂವಿನ ಬಣ್ಣದಲ್ಲೇ ಒಂದು ಸೀರೆ ನೇಯುವ ಆಸೆ ಹುಟ್ಟಿತು. ಹೆಂಡತಿಗೆಂದೇ. ಬಣ್ಣ ಹಾಕುವ ಮುನ್ನ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿ ಬೇಯಿಸಿ, ಆ ನೀರನ್ನು ಹಿತ್ತಲಲ್ಲಿ ಆರಲಿಟ್ಟ. ಪಕ್ಕದಲ್ಲೇ ಅಕ್ಕಿ ತೊಳೆದ ನೀರಿನ ಬಕೆಟ್ಟು. ಎರಡೂ ಬೆಳ್ಳಗೆ, ಎರಡೂ ಮಬ್ಬು. ಕರೆಂಟ್ ಹೋಗಿತ್ತು, ಭಾಗ್ಯಮ್ಮ ತನ್ನ ಲೋಕದಲ್ಲಿದ್ದಳು. ಯಾವುದನ್ನು ಗಿಡದ ಬುಡಕ್ಕೆ ಸುರಿದಳೆಂದು ತಿಳಿಯುವಷ್ಟರಲ್ಲಿ ಎಲೆಗಳು ಸುರುಟಿಕೊಂಡಿದ್ದವು. ಮಣ್ಣು ಬದಲಿಸಿದಳು, ಸಿಹಿನೀರು ಹೊಯ್ದಳು. ಗಿಡ ಬೇರುಸಮೇತ ಸುಟ್ಟುಹೋಯಿತು. ಕೋದಂಡರಾಮಯ್ಯ ನೂಲನ್ನು ಹಾಗೇ ಸುತ್ತಿಟ್ಟು, ಹೆಂಡತಿಯ ಮುಖ ನೋಡಲಾರದೆ ಓಡಾಡಿದ. ಅವಳು ಹಿತ್ತಲಿಗೆ ಬರುವುದನ್ನೇ ಬಿಟ್ಟಳು. ಈಗ ಹಾಲು ಉಕ್ಕುತ್ತಿರಲಿಲ್ಲ. ಮನೆಗೆ ಅದೇ ದೊಡ್ಡ ಸಂಕಟವಾಯಿತು.

ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಬಾಯಿ ಬಿಟ್ಟರೆ ಬೀದಿಗೆಲ್ಲ ಸುದ್ದಿ. ಅಂಥವಳು ಒಂದು ದಿನ ಬಂದು ಜಗಲಿಯ ಮೇಲೆ ಕೂತಳು. ಬಳೆ ತಿರುವುತ್ತಾ, ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು: “ಅಕ್ಕ, ನಾಳೆ ಮಧ್ಯಾಹ್ನ ನಾನು ಮಹಡಿ ಮೇಲೆ ಬಿಸಿಲಿಗೆ ಮಲಗಿರ್ತೀನಿ. ಮೆಟ್ಲು ಬಾಗ್ಲು ತೆಗ್ದೇ ಇರುತ್ತೆ. ನಂಗೆ ಗಾಢ ನಿದ್ದೆ, ಯಾರು ಬಂದ್ರೂ ಗೊತ್ತಾಗಲ್ಲ.”

ಮಂಡಿನೋವೆಂದು ಭಾಗ್ಯಮ್ಮ ಯಾವತ್ತೂ ಹತ್ತದಿದ್ದ ಮೆಟ್ಟಿಲು ಅವು. ಮರುದಿನ ಗೋಡೆ ಹಿಡಿದು ಹತ್ತಿದಳು. ನೀರಿನ ಟ್ಯಾಂಕಿನ ಹಿಂದೆ, ಹಳೆಯ ಎಣ್ಣೆ ಡಬ್ಬದಲ್ಲಿ, ಅಮ್ಮನ ಸ್ಫಟಿಕ ಮೈತುಂಬ ಅರಳಿ ನಿಂತಿತ್ತು. ಕಳ್ಳಿ, ನಮ್ಮ ಹಿತ್ತಲಿಂದಲೇ ಕಡ್ಡಿ ಮುರಿದಿದ್ದಾಳೆ, ಎಂದುಕೊಂಡಳು. ಇಷ್ಟು ವರ್ಷ ಈ ಹೂವನ್ನು ಒಂದು ದಿನವೂ ಮುಡಿಯದೆ, ಕದ್ದುಮುಚ್ಚಿ ದೇವರಿಗಷ್ಟೇ ಏರಿಸಿರಬೇಕು. ಸಿಟ್ಟು ಬಂದಷ್ಟೇ ಬೇಗ ಕರಗಿತು. ಕೈಯನ್ನು ಕೊಂಬೆಗೆ ಚಾಚಿದಳು.

“ಗೆಣ್ಣಿನ ಕೆಳಗೆ ಮುರ್ಕೊಳಕ್ಕ,” ಎಂದಿತು ಚಾಪೆಯಿಂದ ಧ್ವನಿ.

ಭಾಗ್ಯಮ್ಮ ತಿರುಗಿದಳು. ಲಕ್ಷ್ಮೀದೇವಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿದ್ದಳು.

ಆ ಸೆರಗನ್ನೇ ನೋಡುತ್ತಾ ಭಾಗ್ಯಮ್ಮ ಕಡ್ಡಿ ಹಿಡಿದು ನಿಂತುಬಿಟ್ಟಳು. ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ನೂಲು ಸುತ್ತುತ್ತಿದ್ದ ಅಕ್ಕಯಮ್ಮ, ಜನ್ಮದಲ್ಲಿ ಒಂದು ಮಧ್ಯಾಹ್ನವೂ ನಿದ್ದೆ ಮಾಡಿದವಳಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಆ ಸದ್ದಿನ ಮರೆಯಲ್ಲಿ ಭಾಗ್ಯಮ್ಮ ಬಾಯಿಬಿಟ್ಟು ಅತ್ತಳು. ಲಕ್ಷ್ಮೀದೇವಮ್ಮ ಸೆರಗು ಸರಿಸಲಿಲ್ಲ.